ಅಣ್ಣನಿಗೆ ಒಂದು ವರ್ಷ, ನನಗೆ ಮೂರು ದಿನ: ಡಿಸೆಂಬರಿನಲ್ಲಿ ಬಂದ ಒಂದು ಪತ್ರಕ್ಕೆ ಉತ್ತರ

ಪ್ರಶ್ನೆ:

ನನಗೆ 36 ವರ್ಷ. ತವರು ಆಲ್ದೂರಿನ ಹತ್ತಿರ, ನಾಲ್ಕು ಎಕರೆ ಕಾಫಿ ತೋಟದ ಮನೆ. ಮದುವೆಯಾಗಿ ಹಾಸನಕ್ಕೆ ಬಂದು ಹನ್ನೊಂದು ವರ್ಷವಾಯಿತು, ಇಲ್ಲೇ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದೇನೆ. ಕಳೆದ ಫೆಬ್ರುವರಿಯಲ್ಲಿ ಅಮ್ಮ ತೀರಿಕೊಂಡರು. ತವರಿನಲ್ಲಿ ಅಣ್ಣ ವರ್ಷಾಬ್ದಿಕದವರೆಗೆ ಯಾವ ಹಬ್ಬವನ್ನೂ ಮಾಡುತ್ತಿಲ್ಲ. ನನಗೆ ಮಾತ್ರ ಮೂರೇ ದಿನ ಸೂತಕ. ‘ಕೊಟ್ಟ ಹೆಣ್ಣಿಗೆ ಅಷ್ಟೇ ಕಣಮ್ಮ’ ಎಂದರು ಅತ್ತೆ. ಯುಗಾದಿಗೆ ನಾನೇ ಒಬ್ಬಟ್ಟು ತಟ್ಟಿದೆ. ಗೌರಿ ಹಬ್ಬಕ್ಕೆ ಮೊದಲ ಸಲ ತವರಿನಿಂದ ಬಾಗಿನ ಬರಲಿಲ್ಲ. ಹಾಸನಾಂಬೆ ಬಾಗಿಲು ತೆಗೆದಾಗ ಅತ್ತೆಯ ಜೊತೆ ಸಾಲಿನಲ್ಲಿ ನಿಂತಿದ್ದೆ, ಕಾರಣವಿಲ್ಲದೆ ಕಣ್ಣಲ್ಲಿ ನೀರು ಬಂತು.

ಈಗ ವರ್ಷ ಮುಗಿಯುತ್ತಿದೆ. ಗೆಳತಿಯರೆಲ್ಲ ಸ್ಟೇಟಸ್‌ನಲ್ಲಿ ಈ ವರ್ಷ ತಾವು ಏನೇನು ಸಾಧಿಸಿದೆವು ಎಂದು ಹಾಕುತ್ತಿದ್ದಾರೆ. ನನಗೆ ಹಾಕಲು ಏನೂ ಇಲ್ಲ. ಪ್ರತಿ ಜನವರಿ ಒಂದಕ್ಕೆ ಡೈರಿ ಶುರು ಮಾಡುತ್ತೇನೆ, ಮೂರು ವಾರಕ್ಕೆ ನಿಲ್ಲುತ್ತದೆ. ಇನ್ನು ನಾನು ಇಷ್ಟೇ ಅನ್ನಿಸಿಬಿಟ್ಟಿದೆ. ಎಂಟು ವರ್ಷದ ಮಗಳು ‘ಈ ಸಲ ಸಕ್ಕರೆ ಅಚ್ಚು ಮಾಡಲ್ವಾ?’ ಎಂದು ದಿನಾ ಕೇಳುತ್ತಾಳೆ. ಅಮ್ಮನ ಅಚ್ಚಿನ ಮಣೆಗಳು ನನ್ನ ಹತ್ತಿರವೇ ಇವೆ. ಪಕ್ಕದ ಮನೆಯವರು ಹೋದ ಕ್ರಿಸ್‌ಮಸ್‌ಗೆ ಕುಸ್ವಾರ್ (ಹಬ್ಬದ ತಿಂಡಿಗಳು) ಕಳಿಸಿದ ಡಬ್ಬಿಯೂ ನಮ್ಮಲ್ಲೇ ಉಳಿದಿದೆ. ಆಗ ಅಮ್ಮ ಆಸ್ಪತ್ರೆಯಲ್ಲಿದ್ದರು, ಸಂಕ್ರಾಂತಿಗೆ ಅದರಲ್ಲಿ ಎಳ್ಳು ತುಂಬಿ ಕೊಡಲಾಗಲಿಲ್ಲ. ಈ ಸಲ ಎಳ್ಳು ಬೀರಲೇ, ಬೇಡವೇ? ಮತ್ತು ನಾನು ಬೆಳೆದಿದ್ದೇನೆಯೇ, ನಿಂತಲ್ಲೇ ನಿಂತಿದ್ದೇನೆಯೇ?

ಉತ್ತರ:

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ಕಣ್ಣು ಹೋಗಿ ನಿಂತಿದ್ದು ಒಂದೇ ಕಡೆ, ‘ನನಗೆ ಮಾತ್ರ ಮೂರೇ ದಿನ’ ಎಂಬಲ್ಲಿ. ಡೈರಿ, ಸ್ಟೇಟಸ್, ಎಳ್ಳು ಎಲ್ಲಕ್ಕೂ ಉತ್ತರ ಹೇಳುತ್ತೇನೆ. ಆದರೆ ಗಂಟು ಇರುವುದು ಈ ಮೂರು ದಿನದಲ್ಲಿ, ಅಲ್ಲಿಂದಲೇ ಬಿಡಿಸಬೇಕು.

ನಮ್ಮ ಕಡೆ ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬ ಇಲ್ಲ. ತೋರಣ ಇಲ್ಲ, ಹೊಸ ಬಟ್ಟೆ ಇಲ್ಲ, ಮದುವೆ ಮುಂಜಿಗೆ ಓಡಾಟ ಇಲ್ಲ. ಇದನ್ನು ನಿಷೇಧ ಎಂದು ನೋಡಿ ಬೇಸರಪಡುವವರು ಇದ್ದಾರೆ. ಸಮಾಲೋಚಕಿಯಾಗಿ ಇಷ್ಟು ವರ್ಷ ದುಃಖದ ಮನೆಗಳವರ ಮಾತು ಕೇಳಿದ ಮೇಲೆ ನನಗೆ ಅದರಲ್ಲಿ ಕಾಣುವುದು ದೊಡ್ಡ ರಿಯಾಯಿತಿ. ಆ ಮನೆಯ ಹೆಂಗಸನ್ನು ‘ಯಾಕಮ್ಮ ಈ ಸಲ ಕಡುಬು ಮಾಡಲಿಲ್ಲ?’ ಎಂದು ಯಾರೂ ಕೇಳುವುದಿಲ್ಲ. ನಗಲಿಲ್ಲ ಎಂದು ಯಾರೂ ಎತ್ತಿ ಆಡುವುದಿಲ್ಲ. ಪ್ರತಿ ಹಬ್ಬಕ್ಕೂ ‘ಈ ವರ್ಷ ನಿಮಗಿಲ್ಲ ಅಲ್ವಾ’ ಎಂದು ಅಕ್ಕಪಕ್ಕದವರು ಒಂದು ಮಾತು ಆಡಿ ಹೋಗುತ್ತಾರೆ. ಆ ಮಾತಿನ ನೆಪದಲ್ಲಿ ಹೋದವರ ಹೆಸರು ವರ್ಷವಿಡೀ ಬಾಯಲ್ಲಿ ಉಳಿಯುತ್ತದೆ. ಯುಗಾದಿ, ಗೌರಿ ಗಣೇಶ, ದಸರಾ, ದೀಪಾವಳಿ ಒಂದೊಂದಾಗಿ ಬರಿದಾಗಿ ಬಂದು ಹೋಗುತ್ತವೆ. ವರ್ಷಾಬ್ದಿಕ ಮುಗಿದ ಮೇಲೆ ಮನೆ ಮತ್ತೆ ಬಾಗಿಲಿಗೆ ತೋರಣ ಕಟ್ಟುತ್ತದೆ. ದುಃಖಕ್ಕೆ ಒಂದು ಅಂಗಳ, ಅದಕ್ಕೊಂದು ಬೇಲಿ, ಕೊನೆಯಲ್ಲಿ ಹೊರಬರಲು ಒಂದು ತಡಿಕೆ ಬಾಗಿಲು: ಇಷ್ಟನ್ನೂ ಆ ಪದ್ಧತಿ ಕೊಡುತ್ತದೆ.

ನಿಮ್ಮ ಅಣ್ಣನಿಗೆ ಅದು ಸಿಕ್ಕಿತು, ನಿಮಗೆ ಸಿಗಲಿಲ್ಲ. ಮದುವೆಯಾದ ಮೇಲೆ ಹೆಣ್ಣಿನ ಗೋತ್ರ ಬದಲಾಯಿತು, ಆದ್ದರಿಂದ ಮೂರು ದಿನ ಎಂಬ ಲೆಕ್ಕ. ಅದರ ಸರಿತಪ್ಪನ್ನು ಬಲ್ಲವರು ಚರ್ಚಿಸಲಿ. ನನಗೆ ಗೊತ್ತಿರುವುದು ಇಷ್ಟು: ಹೆತ್ತವಳು ಹೋದ ಸಂಕಟ ಗೋತ್ರ ನೋಡಿ ಕಡಿಮೆಯಾಗುವುದಿಲ್ಲ. ನನ್ನ ತಂದೆ ಹೋದಾಗ ನನಗೂ ಮೂರೇ ದಿನ. ನಾಲ್ಕನೆಯ ದಿನ ತಲೆಗೆ ಸ್ನಾನ ಮಾಡಿ, ಸೀರೆಯುಟ್ಟು, ಬೇರೆಯವರ ದುಃಖ ಕೇಳಲು ಕೆಲಸಕ್ಕೆ ಹೋಗಿ ಕುಳಿತಿದ್ದೆ. ಆ ವರ್ಷದ ಸಂಕ್ರಾಂತಿಗೆ ಅಡಕತ್ತರಿ ಹಿಡಿದು ಕೊಬ್ಬರಿ ಕತ್ತರಿಸುತ್ತಿದ್ದೆ. ಅಪ್ಪ ‘ಕಡಲೆಬೇಳೆಯಷ್ಟೇ ಇರಬೇಕು, ಅದಕ್ಕಿಂತ ದಪ್ಪ ಆದರೆ ಎಳ್ಳು ಪ್ರತ್ಯೇಕ, ಕೊಬ್ಬರಿ ಪ್ರತ್ಯೇಕ ಆಗ್ತದೆ’ ಎನ್ನುತ್ತಿದ್ದರು. ಮೊರದಲ್ಲಿ ಬಿದ್ದ ಚೂರುಗಳನ್ನು ನೋಡಿದೆ. ಎಲ್ಲವೂ ಕಡಲೆಬೇಳೆಯಷ್ಟೇ ಇದ್ದವು. ಅಪ್ಪ ಹೋದ ಹನ್ನೊಂದು ತಿಂಗಳಿಗೆ ನಾನು ನಿಜವಾಗಿ ಅತ್ತದ್ದು ಅವತ್ತು.

ಹಾಸನಾಂಬೆ ಸಾಲಿನಲ್ಲಿ ‘ಕಾರಣವಿಲ್ಲದೆ’ ಕಣ್ಣಲ್ಲಿ ನೀರು ಬಂತು ಎಂದು ಬರೆದಿದ್ದೀರಿ. ಕಾರಣ ಇತ್ತು. ಹಬ್ಬ ಮಾಡುವ ಮನೆಯಲ್ಲಿ ಅಳಲು ಜಾಗ ಸಿಗದ ನಿಮಗೆ, ಯಾರೂ ಗುರುತು ಹಿಡಿಯದ ಸಾಲಿನಲ್ಲಿ ಜಾಗ ಸಿಕ್ಕಿತು, ಅಷ್ಟೇ.

ನೀವು ಸೊಸೆಯಾಗಿ ಈ ಊರಿಗೆ ಬಂದವರು, ಆದ್ದರಿಂದ ಸೊಸೆ ಕಲ್ಲಿನ ಕಥೆ ಅತ್ತೆಯ ಬಾಯಲ್ಲೇ ಕೇಳಿರಬಹುದು. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಳೆಕಂದು ಕಡಿದು ಗರ್ಭಗುಡಿಯ ಬಾಗಿಲು ತೆಗೆಯುತ್ತಾರೆ, ಬಲಿಪಾಡ್ಯಮಿ ಕಳೆದು ಮುಚ್ಚುತ್ತಾರೆ. ಹೋದ ವರ್ಷ ಹಚ್ಚಿಟ್ಟ ದೀಪ ಇನ್ನೂ ಉರಿಯುತ್ತಿರುತ್ತದೆ, ಇಟ್ಟ ಹೂ ಬಾಡಿರುವುದಿಲ್ಲ ಎಂಬುದು ಊರಿನ ನಂಬಿಕೆ. ಅದೇ ಗುಡಿಯಲ್ಲಿ ಸೊಸೆ ಕಲ್ಲೂ ಇದೆ. ದೇವಿಯ ಎದುರು ಮೈಮರೆತು ನಿಂತ ಸೊಸೆಯನ್ನು ಅತ್ತೆ ಬಂದು ಹೊಡೆದಳಂತೆ, ದೇವಿ ಅವಳನ್ನು ಕಲ್ಲಾಗಿಸಿ ತನ್ನ ಬಳಿ ಇರಿಸಿಕೊಂಡಳಂತೆ. ಆ ಕಲ್ಲು ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಎನ್ನುತ್ತಾರೆ. ನೋವಿನ ಕಥೆ, ಹಗುರವಾಗಿ ಆಡುವ ಮಾತಲ್ಲ. ಆದರೂ ಆ ಕಥೆ ಕಟ್ಟಿದ ಹೆಂಗಸರು ಒಂದು ವರ್ಷದ ಚಲನೆಗೆ ಆರಿಸಿಕೊಂಡ ಅಳತೆಯನ್ನು ಗಮನಿಸಿ. ಮಾರು, ಗೇಣು ಬಿಡಿ, ಬೆರಳಗಲವೂ ಅಲ್ಲ. ಒಂದು ಅಕ್ಕಿಕಾಳು. ಸಾಲಿನಲ್ಲಿ ಗಂಟೆಗಟ್ಟಲೆ ನಿಂತು ಒಳಗೆ ಹೋದವರಿಗೆ ಕಲ್ಲು ಹೋದ ವರ್ಷ ಇದ್ದಲ್ಲೇ ಇದೆ ಅನ್ನಿಸುತ್ತದೆ. ಸರಿದಿದೆ ಎಂಬುದನ್ನು ಅವರು ಹಾಗೇ ನಂಬಿ ಬರುತ್ತಾರೆ.

ಈಗ ಅತ್ತೆಯ ಮಾತಿಗೆ ಬರುತ್ತೇನೆ. ‘ಕೊಟ್ಟ ಹೆಣ್ಣಿಗೆ ಅಷ್ಟೇ ಕಣಮ್ಮ’ ಎಂದಾಗ ನಿಮಗೆ ಚುಚ್ಚಿತು, ಚುಚ್ಚಲೇಬೇಕು. ಆದರೆ ಆ ಮಾತು ಆಡಿದವರೂ ಕೊಟ್ಟ ಹೆಣ್ಣೇ. ಅವರ ಅಮ್ಮ ಹೋದಾಗ ಅವರಿಗೂ ಮೂರೇ ದಿನ ಸಿಕ್ಕಿರುತ್ತದೆ. ನಾಲ್ಕನೆಯ ದಿನ ಅವರೂ ಒಲೆಯ ಮುಂದೆ ಕೂತಿರುತ್ತಾರೆ, ಅದೂ ಇಂದಿನ ನಿಮ್ಮ ಮನೆಗಿಂತ ದೊಡ್ಡ ಸಂಸಾರದ ಒಲೆ. ಒಂದು ಮಧ್ಯಾಹ್ನ, ಅವರೆಕಾಯಿ ಸುಲಿಯುತ್ತಾ ಕೂತಾಗ ಕೇಳಿ: ‘ಅತ್ತೆ, ನಿಮ್ಮಮ್ಮ ಹೋದ ವರ್ಷ ನೀವು ಹಬ್ಬ ಹೇಗೆ ಮಾಡಿದ್ರಿ?’ ಹಿದುಕಬೇಳೆಗೆ ನೆನೆಸಿದ ಕಾಳು ಒಂದೊಂದಾಗಿ ಹಿದುಕುವಾಗ ಕೈಗೆ ಕೆಲಸ ಇರುತ್ತದೆ, ಕಣ್ಣು ಕಣ್ಣು ನೋಡಬೇಕಾಗಿಲ್ಲ, ಇಂಥ ಮಾತಿಗೆ ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಗೊತ್ತಿಲ್ಲ. ಅವರು ಮಾತು ಹಾರಿಸಬಹುದು, ಹಾರಿಸಿದರೆ ಬಿಡಿ. ಹೇಳಿದರೆ ಮಾತ್ರ ಪೂರ್ತಿ ಕೇಳಿ. ನನ್ನ ಅನುಭವದಲ್ಲಿ, ಎಷ್ಟೋ ಮನೆಗಳ ಹಿರಿಯ ಹೆಂಗಸರಿಗೆ ಈ ಪ್ರಶ್ನೆಯನ್ನು ಇಡೀ ಜೀವಮಾನದಲ್ಲಿ ಒಬ್ಬರೂ ಕೇಳಿರುವುದಿಲ್ಲ.

ಬೆಳೆದಿದ್ದೇನೆಯೇ ಎಂಬ ಪ್ರಶ್ನೆಗೆ ಹಬ್ಬದಷ್ಟು ನಿಖರವಾದ ಅಳತೆಗೋಲು ಬೇರೆ ಇಲ್ಲ ಎನ್ನುತ್ತೇನೆ. ಹಬ್ಬ ವರ್ಷ ವರ್ಷವೂ ಹಾಗೇ ಬರುತ್ತದೆ: ಅದೇ ಎಳ್ಳು, ಅದೇ ಬೆಲ್ಲ, ಅದೇ ಹುರಿಗಡಲೆ. ಅದು ಬದಲಾಗದೆ ನಿಲ್ಲುವುದರಿಂದ ಅದರ ಪಕ್ಕ ನಿಂತ ನಾವು ಬದಲಾದದ್ದು ಕಾಣುತ್ತದೆ. ಎರಡು ಮೂರು ವರ್ಷದವರಿದ್ದಾಗ ಸಂಕ್ರಾಂತಿ ಸಂಜೆ ನಿಮ್ಮ ತಲೆಯ ಮೇಲೆ ಎಳಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಸುರಿದಿರುತ್ತಾರೆ. ಹತ್ತರಲ್ಲಿ ಲಂಗ ಹಾಕಿಕೊಂಡು ತಟ್ಟೆ ಹಿಡಿದು ಮನೆ ಮನೆಗೆ ಎಳ್ಳು ಬೀರಲು ಹೋಗಿರುತ್ತೀರಿ. ಮದುವೆಯಾದ ಮೇಲೆ ಐದು ವರ್ಷ ಬಾಳೆಹಣ್ಣು ಬೀರಿರುತ್ತೀರಿ. ಅನೇಕ ಮನೆಗಳಲ್ಲಿ ಮೊದಲ ವರ್ಷ ಐದು, ಮರುವರ್ಷ ಹತ್ತು ಎಂದು ಏರುತ್ತಾ ಹೋಗುತ್ತದೆ, ಆ ಲೆಕ್ಕ ನೆನಪಿಟ್ಟುಕೊಂಡು ಕೈಗೆ ಹಣ್ಣಿನ ಚಿಪ್ಪು ಕೊಡುವವಳು ಅಮ್ಮ. ಐದನೇ ವರ್ಷಕ್ಕೆ ಆ ಲೆಕ್ಕ ಮುಗಿಯುತ್ತದೆ. ಆಮೇಲೆ ನಾವು ಎಷ್ಟು ಏರಿದೆವು ಎಂದು ಎಣಿಸುವವರು ಇಲ್ಲ. ಹೆಂಗಸು ಮೂವತ್ತು ದಾಟಿದ ಮೇಲೆ ಅವಳ ಬೆಳವಣಿಗೆಗೆ ನಮ್ಮಲ್ಲಿ ಲೆಕ್ಕ ಇಡುವ ಪದ್ಧತಿಯೇ ಇಲ್ಲ. ನಿಮ್ಮ ಪತ್ರ ನಿಜವಾಗಿ ಕೇಳುತ್ತಿರುವುದು ಆ ಲೆಕ್ಕವನ್ನು.

ಹಾಗಾಗಿ ಒಂದು ಕೆಲಸ ಹೇಳುತ್ತೇನೆ. ಡಿಸೆಂಬರ್ 31ರ ರಾತ್ರಿ ಅಡುಗೆಮನೆಯ ಗೋಡೆಯಿಂದ ಹಳೆಯ ಕ್ಯಾಲೆಂಡರ್ ಇಳಿಸುತ್ತೀರಲ್ಲ, ಬೆಂಗಳೂರು ಪ್ರೆಸ್‌ನದೋ, ಅಂಗಡಿಯವರು ಕೊಟ್ಟದ್ದೋ, ಅದನ್ನು ರದ್ದಿಗೆ ಹಾಕುವ ಮೊದಲು ಟೇಬಲ್ ಮೇಲೆ ಹರಡಿಕೊಂಡು ಜನವರಿಯಿಂದ ಓದಿ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಮಗಳಿಗೆ ಜ್ವರ ಬಂದ ದಿನ, ಸ್ಕೂಲ್ ಫೀಸ್, ಚೀಟಿ ಕಂತು, ಅಮ್ಮ ಆಸ್ಪತ್ರೆಯಲ್ಲಿದ್ದ ದಿನಗಳ ಗುರುತು. ಫೆಬ್ರುವರಿಯಲ್ಲಿ ಹಾಲಿನ ಲೆಕ್ಕ ಎಷ್ಟು ದಿನ ಬರೆದಿಲ್ಲ ನೋಡಿ. ಮತ್ತೆ ಯಾವ ದಿನದಿಂದ ಶುರುವಾಗಿದೆ ನೋಡಿ. ಆ ದಿನ ಪೆನ್ನು ಹುಡುಕಿ ‘ಅರ್ಧ ಲೀ.’ ಎಂದು ಬರೆದವರು ನೀವೇ. ಅಮ್ಮನನ್ನು ಕಳೆದುಕೊಂಡ ಹೆಂಗಸೊಬ್ಬಳು ಒಂದು ಮನೆಯನ್ನೂ ಒಂದು ತರಗತಿಯ ಮಕ್ಕಳನ್ನೂ ನಡೆಸಿಕೊಂಡು ಹೋದ ದಾಖಲೆ ಅದು. ಪ್ರತಿ ತಿಂಗಳ ಪುಟಕ್ಕೂ ನಿಂತು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಹೋದ ವರ್ಷ ಬೇರೆಯವರ ಕೈಯಲ್ಲಿದ್ದು ಈ ವರ್ಷ ನನ್ನ ಕೈಗೆ ಬಂದ ಕೆಲಸ ಯಾವುದು? ಅಣ್ಣ ಅತ್ತಿಗೆಗೆ ಮೊದಲು ಅಮ್ಮ ಹೇಳುತ್ತಿದ್ದದ್ದನ್ನು ಈಗ ನೀವು ಹೇಳುತ್ತಿರಬಹುದು. ಉಪ್ಪಿನಕಾಯಿಗೆ ಮಿಡಿ ತರಿಸುವುದು ನಿಮ್ಮ ಪಾಲಿಗೆ ಬಂದಿರಬಹುದು. ತೋಟದ ಲೆಕ್ಕದಲ್ಲಿ ಅಣ್ಣ ನಿಮ್ಮನ್ನು ಒಂದು ಮಾತು ಕೇಳಿರಬಹುದು. ಇವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಅದು ನಿಮ್ಮ ಅಕ್ಕಿಕಾಳು.

ಸ್ಟೇಟಸ್ ವಿಚಾರಕ್ಕೆ ಹೆಚ್ಚು ಹೇಳುವುದಿಲ್ಲ. ಅಳೆಯಲು ಬೇರೆ ಮಾನದಂಡ ಸಿಗದಾಗ ಮನುಷ್ಯ ತನ್ನನ್ನು ಸುತ್ತಲಿನವರ ಜೊತೆ ಇಟ್ಟು ಅಳೆಯುತ್ತಾನೆ ಎಂದು ಲಿಯಾನ್ ಫೆಸ್ಟಿಂಗರ್ ಎಂಬ ಮನಃಶಾಸ್ತ್ರಜ್ಞರು 1954ರಲ್ಲೇ ಬರೆದಿದ್ದಾರೆ. ನಿಮ್ಮ ಗೆಳತಿ ತನ್ನ ವರ್ಷದ ಹತ್ತು ಒಳ್ಳೆಯ ದಿನಗಳನ್ನು ಹಾಕಿದ್ದಾಳೆ, ನೀವು ಅದರ ಎದುರು ನಿಮ್ಮ 365 ದಿನಗಳನ್ನೂ ಇಡುತ್ತಿದ್ದೀರಿ. ಜನವರಿ ಮೊದಲ ವಾರದವರೆಗೆ ಸ್ಟೇಟಸ್ ನೋಡುವುದನ್ನು ಬಿಡಿ, ಯಾರೂ ತಪ್ಪು ತಿಳಿಯುವುದಿಲ್ಲ.

ಡೈರಿ ನಿಂತದ್ದಕ್ಕೂ ನಾಚಿಕೆ ಬೇಡ. 1980ರ ದಶಕದಲ್ಲಿ ಅಮೆರಿಕದ ಜಾನ್ ನಾರ್‌ಕ್ರಾಸ್ ಮತ್ತು ಸಂಗಡಿಗರು ಹೊಸ ವರ್ಷದ ಸಂಕಲ್ಪ ಮಾಡಿದ 200 ಜನರನ್ನು ಎರಡು ವರ್ಷ ಹಿಂಬಾಲಿಸಿದರು. ಮೊದಲ ವಾರ ಸಂಕಲ್ಪ ಉಳಿಸಿಕೊಂಡವರು ಶೇ 77, ಎರಡು ವರ್ಷದ ಮೇಲೂ ಉಳಿಸಿಕೊಂಡವರು ಶೇ 19. ಮೂರು ವಾರ ಬರೆದ ನೀವು ಹೆಚ್ಚಿನ ಜನರ ಜೊತೆಗೇ ಇದ್ದೀರಿ. ಇನ್ನೊಂದು ಸಂಶೋಧನೆ ನನಗೆ ಇದಕ್ಕಿಂತ ಇಷ್ಟ. ಹೆಂಗ್‌ಚೆನ್ ಡಾಯ್, ಕ್ಯಾಥರಿನ್ ಮಿಲ್ಕ್‌ಮನ್, ಜೇಸನ್ ರೀಸ್ 2014ರಲ್ಲಿ ತೋರಿಸಿದ್ದು ಏನೆಂದರೆ, ಜನ ಹೊಸದಾಗಿ ಏನಾದರೂ ಶುರು ಮಾಡುವುದು ಜನವರಿ ಒಂದಕ್ಕೆ ಮಾತ್ರವಲ್ಲ. ವಾರದ ಮೊದಲ ದಿನ, ತಿಂಗಳ ಮೊದಲ ದಿನ, ಹುಟ್ಟುಹಬ್ಬದ ಮರುದಿನ, ರಜೆ ಮುಗಿದ ಮರುದಿನ, ಹೀಗೆ ಕಾಲದಲ್ಲಿ ಒಂದು ಗೆರೆ ಎಳೆದಂತೆ ಕಂಡಲ್ಲೆಲ್ಲ ಮನಸ್ಸು ಹಳೆಯದನ್ನು ಆಚೆ ಬಿಟ್ಟು ಹೊಸ ಪುಟ ತಿರುವಲು ಸಿದ್ಧವಾಗುತ್ತದೆ.

ಆ ಗೆರೆಗಳಿಗೆ ನಮ್ಮಲ್ಲೇನು ಕೊರತೆ? ದೀಪಾವಳಿಗೆ ಅಂಗಡಿಯವರ ಹೊಸ ಲೆಕ್ಕದ ಪುಸ್ತಕ, ನರಕ ಚತುರ್ದಶಿಗೆ ನಿಮ್ಮ ತವರಿನ ಕಡೆಯವರು ಹತ್ತುವ ದೇವೀರಮ್ಮನ ಬೆಟ್ಟ, ಡಿಸೆಂಬರಿನಲ್ಲಿ ಕ್ರಿಸ್‌ಮಸ್, ಧನುರ್ಮಾಸದ ಚಳಿಯಲ್ಲಿ ಬೆಳಗಿನ ಪೂಜೆ ಮತ್ತು ಹುಗ್ಗಿ, ಆಮೇಲೆ ಸಂಕ್ರಾಂತಿ, ಮಾರ್ಚ್ 31ರ ಸರ್ಕಾರಿ ವರ್ಷಾಂತ್ಯ, ನಿಮ್ಮಂಥ ಶಿಕ್ಷಕಿಯರಿಗೆ ಪರೀಕ್ಷೆ ಮುಗಿದ ದಿನ, ಯುಗಾದಿ. ಇಂಗ್ಲಿಷರಿಗೂ 1752ಕ್ಕೆ ಮೊದಲು ಹೊಸ ವರ್ಷ ಮಾರ್ಚ್ 25ಕ್ಕೆ, ಸುಮಾರಾಗಿ ನಮ್ಮ ಯುಗಾದಿಯ ಹೊತ್ತಿಗೇ ಶುರುವಾಗುತ್ತಿತ್ತು. ಜನವರಿ ಒಂದು ಅಂಥ ಹಲವು ಬಾಗಿಲುಗಳಲ್ಲಿ ಒಂದು. ಅದನ್ನು ತಪ್ಪಿಸಿಕೊಂಡರೆ ಹದಿನಾಲ್ಕು ದಿನಕ್ಕೆ ಇನ್ನೊಂದು ತೆರೆಯುತ್ತದೆ.

ಆದ್ದರಿಂದ ದಿನದ ಡೈರಿ ಬೇಡ. ಇನ್ನೂರು ಪುಟದ ಒಂದು ನೋಟ್‌ಬುಕ್ ತನ್ನಿ, ಅದಕ್ಕೆ ಹಬ್ಬದ ಪುಸ್ತಕ ಎಂದು ಹೆಸರಿಡಿ. ಹಬ್ಬದ ರಾತ್ರಿ, ಪಾತ್ರೆ ತೊಳೆದು ಮುಗಿದ ಮೇಲೆ, ಮಲಗುವ ಮೊದಲು ನಾಲ್ಕು ಸಾಲು: ಯಾರು ಬಂದಿದ್ದರು, ಯಾರು ಇರಲಿಲ್ಲ, ಯಾವ ಕೆಲಸ ಯಾರು ಮಾಡಿದರು, ಯಾವುದು ಕೆಟ್ಟಿತು. ಪಾಕ ಕೆಟ್ಟಿದ್ದರೆ ಅದನ್ನೂ ಬರೆಯಿರಿ. ‘ಬರೆಯುತ್ತೇನೆ’ ಎಂಬ ಬರೀ ಸಂಕಲ್ಪಕ್ಕಿಂತ ‘ಪಾತ್ರೆ ತೊಳೆದು ಮುಗಿದ ಕೂಡಲೇ ಬರೆಯುತ್ತೇನೆ’ ಎಂದು ಒಂದು ಕೆಲಸದ ಬಾಲಕ್ಕೆ ಇನ್ನೊಂದನ್ನು ಕಟ್ಟಿದರೆ ನಡೆಯುವ ಸಾಧ್ಯತೆ ಹೆಚ್ಚು. ಜರ್ಮನಿಯ ಪೀಟರ್ ಗೋಲ್‌ವಿಟ್ಸರ್ ಈ ವಿಚಾರದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ವರ್ಷಕ್ಕೆ ಎಂಟು ಹತ್ತು ಸಲ ಬರೆದರೆ ಸಾಕು. ಮೂರನೆಯ ಸಂಕ್ರಾಂತಿಗೆ ಮೊದಲ ಸಂಕ್ರಾಂತಿಯ ಪುಟ ತೆಗೆದು ಓದಿ.

‘ಇನ್ನು ನಾನು ಇಷ್ಟೇ’ ಎಂದಿರಲ್ಲ, ಆ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. 2013ರಲ್ಲಿ ಡೇನಿಯಲ್ ಗಿಲ್ಬರ್ಟ್ ಮತ್ತು ಸಂಗಡಿಗರು 18ರಿಂದ 68 ವರ್ಷದವರೆಗಿನ 19,000ಕ್ಕೂ ಹೆಚ್ಚು ಜನರನ್ನು ಕೇಳಿ ಪ್ರಕಟಿಸಿದ ಅಧ್ಯಯನ ಇದೆ. ಹೋದ ಹತ್ತು ವರ್ಷದಲ್ಲಿ ಎಷ್ಟು ಬದಲಾದಿರಿ ಎಂದರೆ ಎಲ್ಲ ವಯಸ್ಸಿನವರೂ ತುಂಬಾ ಎಂದರು. ಮುಂದಿನ ಹತ್ತರಲ್ಲಿ ಎಂದರೆ ಎಲ್ಲ ವಯಸ್ಸಿನವರೂ ಹೆಚ್ಚೇನಿಲ್ಲ ಎಂದರು. ಇಪ್ಪತ್ತರವರಿಗೂ ಹಾಗೇ ಅನ್ನಿಸಿತ್ತು, ಐವತ್ತರವರಿಗೂ ಹಾಗೇ. ಮನಸ್ಸಿಗೆ ಹಿಂದಿನ ದಾರಿ ಕಾಣುತ್ತದೆ, ಮುಂದಿನದು ಕಾಣದಿದ್ದರೆ ಇಲ್ಲವೇ ಇಲ್ಲ ಎಂದು ತೀರ್ಮಾನಿಸುತ್ತದೆ.

ಅಣ್ಣನ ತೋಟದಲ್ಲಿ ಈಗ ಅರೇಬಿಕಾ ಕೊಯ್ಲು ನಡೆಯುತ್ತಿರಬೇಕು. ಹಣ್ಣು ಬಿಡಿಸುವವರಿಗೆ ಅಮ್ಮ ಹೇಳುತ್ತಿದ್ದ ಮಾತು ನಿಮ್ಮ ಕಿವಿಯಲ್ಲಿ ಇದ್ದೇ ಇರುತ್ತದೆ: ಕೊಂಬೆ ಎಳೆಯಬೇಡಿ, ತುದಿ ಮುರಿಯಬೇಡಿ. ಈ ವರ್ಷದ ಹಣ್ಣು ಬಿಟ್ಟ ಕೊಂಬೆಯ ಹೊಸ ತುದಿಯಲ್ಲೇ ಬರುವ ವರ್ಷದ ಮೊಗ್ಗು ಇರುತ್ತದೆ. ಆ ಮೊಗ್ಗು ಚಳಿ ಮತ್ತು ಒಣಹವೆಯ ಎರಡು ಮೂರು ತಿಂಗಳು ಸುಮ್ಮನೆ ನಿದ್ದೆ ಮಾಡುತ್ತದೆ. ಹೊರಗಿನಿಂದ ನೋಡಿದರೆ ಗಿಡ ನಿಂತುಹೋಗಿದೆ ಅನ್ನಿಸುತ್ತದೆ. ಆ ಒಣಗುವಿಕೆ ಬೇಕೇ ಬೇಕು, ಅದಿಲ್ಲದೆ ಹೂ ಒಟ್ಟಿಗೆ ಅರಳುವುದಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಬೆಟ್ಟಕ್ಕೆ ಬೆಟ್ಟವೇ ಬೆಳ್ಳಗಾಗುತ್ತದೆ. ಆ ಹೂವು ಕೊಯ್ಲಿಗೆ ಬರಲು ಮತ್ತೆ ಎಂಟು ಒಂಬತ್ತು ತಿಂಗಳು. ತೋಟದ ಮನೆಯಲ್ಲಿ ಹುಟ್ಟಿದ ನಿಮಗೆ ನಾನು ಹೇಳಬೇಕಾದದ್ದೇನಿಲ್ಲ. ನಿಮ್ಮ ಬಗ್ಗೆಯೂ ಗಿಡದ ಬಗ್ಗೆ ಇರುವಷ್ಟೇ ತಾಳ್ಮೆ ಇರಲಿ ಎಂದು ಕೇಳಿಕೊಳ್ಳುತ್ತೇನೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಅಮ್ಮನ ನೆನಪಿಗೆ ಹಬ್ಬದ ದಿನ ಕಣ್ಣೀರು ಬರುವುದು ಕಾಯಿಲೆಯಲ್ಲ. ಆದರೆ ವರ್ಷ ದಾಟಿದ ಮೇಲೂ ದಿನವಿಡೀ ಅದೇ ಹಂಬಲ ಬಿಡದಿದ್ದರೆ, ನಿದ್ದೆ ಊಟ ಕೆಟ್ಟರೆ, ಶಾಲೆಗೆ ಹೋಗಲು, ಮಗಳ ಜೊತೆ ಮಾತಾಡಲು ಕೂಡ ಆಗದಂತಾದರೆ, ಬದುಕೇ ಬೇಡ ಅನ್ನಿಸಿದರೆ, ಒಬ್ಬರೇ ಹೊರಬೇಡಿ. ಬದುಕು ಬೇಡ ಅನ್ನಿಸುವುದಕ್ಕಂತೂ ವರ್ಷ ದಾಟಲಿ ಎಂದು ಕಾಯಬಾರದು, ಅವತ್ತೇ ಮಾತಾಡಬೇಕು. ಹಾಗೆ ಬಿಡದೆ ಕಾಡುವ ದುಃಖಕ್ಕೆ ವೈದ್ಯಶಾಸ್ತ್ರದಲ್ಲಿ ಈಗ ಪ್ರತ್ಯೇಕ ಹೆಸರೂ ಚಿಕಿತ್ಸೆಯೂ ಇದೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್‌ನಲ್ಲಿ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ. ನಿಮ್ಮ ಪತ್ರದಲ್ಲಿ ನನಗೆ ಅಂಥ ಸೂಚನೆ ಕಾಣಲಿಲ್ಲ. ಆದರೂ ಆ ಸಂಖ್ಯೆಯನ್ನು ಹೊಸ ಕ್ಯಾಲೆಂಡರ್‌ನ ಮೂಲೆಯಲ್ಲಿ ಬರೆದಿಡಿ, ಮನೆಗೆ ಬಂದ ಬೇರೆ ಯಾರಿಗಾದರೂ ಬೇಕಾಗಬಹುದು.

ಈಗ ಎಳ್ಳಿನ ಪ್ರಶ್ನೆ. ಬೀರಿ. ಸಂಕ್ರಾಂತಿ ಪುಷ್ಯ ಮಾಸದಲ್ಲಿ, ಅಮ್ಮನ ವರ್ಷಾಬ್ದಿಕ ಅದಾದ ಮೇಲೆ ಮಾಘದಲ್ಲಿ ಬರಬಹುದು. ಹಾಗಾಗಿ ಈ ಸಲ ತವರಿನಲ್ಲಿ ಎಳ್ಳು ಇರುವುದಿಲ್ಲ. ನಿಮ್ಮ ಮನೆಗೆ ಅಡ್ಡಿಯಿಲ್ಲ. ಆದರೂ ಅತ್ತೆಗೆ ಒಂದು ಮಾತು ಹೇಳಿ, ಅಣ್ಣನಿಗೂ ಫೋನ್ ಮಾಡಿ ‘ಅಚ್ಚು ಮಾಡ್ತಿದೀನಿ ಕಣಣ್ಣ’ ಎಂದು ತಿಳಿಸಿ, ಅಮ್ಮನ ಮಣೆಗಳು ಎಂದೂ ಹೇಳಿ. ಹಬ್ಬ ಕಳೆದ ಭಾನುವಾರ ಮಗಳನ್ನು ಕರೆದುಕೊಂಡು ಆಲ್ದೂರಿಗೆ ಹೋಗಿ ಬನ್ನಿ. ಸಿಹಿ ಒಯ್ಯಬೇಕೋ ಬೇಡವೋ ಎಂಬುದು ಆ ಮನೆಯ ಪದ್ಧತಿ, ಅತ್ತಿಗೆಯನ್ನು ಕೇಳಿ. ಹೋಗಿ ಕೂತು ಅಕ್ಕಿರೊಟ್ಟಿ ತಿಂದು ಬರುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಇಂಥ ಆಚರಣೆಗಳಲ್ಲಿ ನಂಬಿಕೆ ಇಲ್ಲ ಎನ್ನುವವರಿಗೂ, ಕಳೆದುಕೊಂಡವರ ನೆನಪಿನಲ್ಲಿ ಕೈಯಾರೆ ಒಂದು ಆಚರಣೆ ಮಾಡಿದಾಗ ದುಃಖ ಹಿಡಿತಕ್ಕೆ ಬರುತ್ತದೆ ಎಂದು ಮೈಕಲ್ ನಾರ್ಟನ್ ಮತ್ತು ಫ್ರಾನ್ಚೆಸ್ಕಾ ಜಿನೊ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡುಕೊಂಡರು. ನಿಮ್ಮ ಹತ್ತಿರ ಆ ಆಚರಣೆ ಮರದಲ್ಲಿ ಕೊರೆದು ಸಿದ್ಧವಾಗಿದೆ. ಬೃಂದಾವನ, ಗಿಳಿ, ಬಾತುಕೋಳಿ, ಅಮ್ಮನ ಮಣೆಗಳಲ್ಲಿ ಏನೇನಿದೆಯೋ. ಅಚ್ಚು ಮಾಡುವ ದಿನ ಮಗಳನ್ನು ಹತ್ತಿರ ಕೂರಿಸಿಕೊಳ್ಳಿ, ಒಲೆಯಿಂದ ಮಾರುದೂರ. ಮಣೆಗಳ ಜೋಡಿ ಹೊಂದಿಸಿ ರಬ್ಬರ್ ಬ್ಯಾಂಡ್ ಹಾಕುವುದು ಅವಳ ಕೆಲಸ. ಸಕ್ಕರೆಗೆ ನೀರು ಹಾಕಿ ಕುದಿಸಿ, ಒಂದು ಚಮಚ ಹಾಲು ಬಿಟ್ಟರೆ ಕೊಳೆ ಮೇಲೆ ಬರುತ್ತದೆ, ಅದನ್ನು ತೆಗೆದು ಬಟ್ಟೆಯಲ್ಲಿ ಸೋಸಿ. ಆಮೇಲೆ ಪೂರ್ತಿ ಪಾಕ ಒಟ್ಟಿಗೆ ಇಡಬೇಡಿ, ಎರಡು ಮೂರು ಅಚ್ಚಿಗಾಗುವಷ್ಟು ಮಾತ್ರ ಚಿಕ್ಕ ಪಾತ್ರೆಗೆ ಹಾಕಿಕೊಂಡು ಸಣ್ಣ ಉರಿಯಲ್ಲಿ ತಿರುವಿ. ಅಂಚಿನಲ್ಲಿ ಬೆಳ್ಳಗಾಗಿ ಗಟ್ಟಿಯಾಗಲು ಶುರುವಾದ ಕ್ಷಣ ಸುರಿಯಬೇಕು. ಒಂದು ಉಸಿರು ತಡವಾದರೆ ಪಾತ್ರೆಯಲ್ಲೇ ಸಕ್ಕರೆಯಾಗುತ್ತದೆ, ಒಂದು ಉಸಿರು ಮೊದಲಾದರೆ ಅಚ್ಚು ಅಂಟುತ್ತದೆ. ಆ ಹದ ಅಮ್ಮನ ಕೈಯಲ್ಲಿತ್ತು. ನಿಮ್ಮ ಮೊದಲ ಎರಡು ಮೂರು ಗಿಳಿಗಳ ಕೊಕ್ಕು ಮುರಿಯುತ್ತದೆ, ಮಗಳು ಅವನ್ನು ತಿನ್ನುತ್ತಾಳೆ, ತಿನ್ನಲಿ. ‘ಅಜ್ಜಿಗೂ ಮೊದಲು ಹೀಗೇ ಮುರೀತಿತ್ತಾ?’ ಎಂದು ಕೇಳಬಹುದು. ಗೊತ್ತಿರುವುದನ್ನು ಹೇಳಿ.

ಪಕ್ಕದ ಮನೆಯವರ ಡಬ್ಬಿಯನ್ನು ಈಗಲೇ ಅಟ್ಟದಿಂದ ಇಳಿಸಿ ಬಿಸಿನೀರಿನಲ್ಲಿ ತೊಳೆದು ಬಿಸಿಲಿಗಿಡಿ, ವರ್ಷ ಮುಚ್ಚಿಟ್ಟ ವಾಸನೆ ಹೋಗಲಿ. ಹಾಸನ, ಚಿಕ್ಕಮಗಳೂರಿನ ಎಷ್ಟೋ ಬೀದಿಗಳಲ್ಲಿ ಕ್ರಿಸ್‌ಮಸ್‌ಗೆ ಬಂದ ಡಬ್ಬಿ ಖಾಲಿ ಹಿಂದಿರುಗುವುದಿಲ್ಲ. ಕಿಡಿಯೊ, ನೆವ್ರಿಯಂಥ ತಿಂಡಿ ಬಂದ ಡಬ್ಬಿಯಲ್ಲಿ ಜನವರಿಗೆ ಎಳ್ಳುಬೆಲ್ಲ ಹೋಗುತ್ತದೆ. ತಡವಾಯಿತು ಎಂದು ಅಂಜಬೇಡಿ. ಅವರಿಗೆ ನಿಮ್ಮ ಮನೆಯ ಸಾವಿನ ಸುದ್ದಿ ಗೊತ್ತು. ಡಬ್ಬಿ ಕೇಳದೆ ವರ್ಷ ಕಾದಿದ್ದಾರೆ. ಕೆಳಗೆ ಎಳ್ಳು, ಮೇಲೆ ಮುರಿಯದೆ ಉಳಿದ ಅಚ್ಚು ಒಂದು, ಪಕ್ಕದಲ್ಲಿ ಕಬ್ಬಿನ ಜಲ್ಲೆಯ ತುಂಡು. ತಟ್ಟೆ ಹಿಡಿಯುವವಳು ಮಗಳು, ನೀವು ಹಿಂದೆ ನಿಲ್ಲಿ.

ಮರೆಯುವ ಮೊದಲು ಒಂದು ಮಾತು: ಎರಡು ವರ್ಷ ಬಳಸದ ಮಣೆಗಳು ಒಣಗಿ ಬಾಯಿ ಬಿಟ್ಟಿರುತ್ತವೆ. ಹಾಗೇ ಸುರಿದರೆ ಮರ ಪಾಕವನ್ನು ಹೀರಿಕೊಂಡು ಅಚ್ಚು ಬಿಡುವುದಿಲ್ಲ. ಹಿಂದಿನ ರಾತ್ರಿಯೇ ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ, ಮೇಲೊಂದು ಭಾರ ಇಟ್ಟು ಮುಳುಗಿಸಿಡಿ. ಬೆಳಿಗ್ಗೆ ತೆಗೆದಾಗ ಜೋಡಿಗಳು ತಾವಾಗಿಯೇ ಸರಿಯಾಗಿ ಕೂಡಿಕೊಳ್ಳುತ್ತವೆ.